ಆ ಗೆರೆಯನ್ನು ನಾನು ಮೊದಲೇ ಕಂಡಿದ್ದೆ

ಬೋರಾಮಣಿಯ ನಮ್ಮ ಮನೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ಜೋಳ ತುಂಬಿ, ಹುಲ್ಲು ಹಾಸಿ, ಹಸಿಮಣ್ಣು ಮೆತ್ತಿ ಮುಚ್ಚಿದರೆ ಕಾಳು ಕೆಡುತ್ತಿರಲಿಲ್ಲ. ತೆಗೆಯುವ ದಿನ ಅಪ್ಪ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಿದ್ದ. ದೀಪ ಆರಿದರೆ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. “ಆರ್ತು ಅಂದ್ರ ಆರ್ತು. ಎಣ್ಣಿ ತೀರಿತ್ತೇನೋ ಅನ್ಕೋತ ಕೂಡಬ್ಯಾಡ” ಎನ್ನುತ್ತಿದ್ದ.

ಮುಂದೆ ಸೊಲ್ಲಾಪುರದಲ್ಲಿ ಓದಿ, ದೂರದ ಊರಿನ ಪ್ರಯೋಗಾಲಯ ಸೇರಿದೆ. ನನಗೆ ಸಿಕ್ಕ ಕೆಲಸ ರಂಜಕಕ್ಕೆ ಗ್ವಾನಿಡೀನ್ ಜೋಡಿಸುವುದು. ಗ್ವಾನಿಡೀನ್ ಎಂದರೆ ಒಂದು ಇಂಗಾಲದ ಸುತ್ತ ಮೂರು ಸಾರಜನಕ. ನಮ್ಮ ಕಡೆಯ ಶೇಂಗಾದಲ್ಲಿ ಹೇರಳವಾಗಿರುವ ಆರ್ಜಿನೈನ್‌ನ ತುದಿಯಲ್ಲಿರುವುದೂ ಅದೇ. ಓಡುವವನ ಸ್ನಾಯುವಿಗೆ ತಟ್ಟನೆ ಶಕ್ತಿ ಒದಗಿಸುವ ಕ್ರಿಯಾಟಿನ್ ಫಾಸ್ಫೇಟ್‌ನಲ್ಲಿ ಇಂಥ ಸಾರಜನಕವೇ ರಂಜಕದ ಕೈ ಹಿಡಿದಿರುತ್ತದೆ. ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿ ರೈನ್‌ಹಾರ್ಡ್ ಶ್ಮುಟ್ಸ್‌ಲರ್ ಅವರ ತಂಡ 1990ರ ದಶಕದಲ್ಲಿ ಟೆಟ್ರಾಮೀಥೈಲ್ ಗ್ವಾನಿಡೀನನ್ನು ರಂಜಕಕ್ಕೆ ಸೇರಿಸಿ, ಹರಳುಗಳ ರಚನೆಯನ್ನೂ ಬಿಡಿಸಿತ್ತು. ಆ ದಾರಿಯಲ್ಲೇ ನಾನೂ ಹೊರಟಿದ್ದೆ.

ಲೆಕ್ಕ ಸರಳ. ರಂಜಕದ ಟ್ರೈಕ್ಲೋರೈಡ್‌ನಲ್ಲಿ ಮೂರು ಕ್ಲೋರಿನ್. ಒಂದೊಂದನ್ನೂ ಬಿಡಿಸಲು ಎರಡು ಗ್ವಾನಿಡೀನ್ ಬೇಕು: ಒಂದು ರಂಜಕಕ್ಕೆ ಅಂಟಲು, ಇನ್ನೊಂದು ಹೊರಬಿದ್ದ ಆಮ್ಲವನ್ನು ಹಿಡಿಯಲು. ಒಟ್ಟು ಆರು. ಹನಿ ಹನಿಯಾಗಿ ಬಿಟ್ಟಂತೆ ಬಿಳಿ ಉಪ್ಪು ಮೊಸರಿನಂತೆ ಗಟ್ಟಿಯಾಯಿತು. ಅದನ್ನು ಸೋಸುವಾಗ ಗಾಳಿ ತಾಗಬಾರದು. ಮೂರು ಗ್ವಾನಿಡೀನ್‌ಗಳು ಎಲೆಕ್ಟ್ರಾನ್ ತಳ್ಳುವುದರಿಂದ ರಂಜಕ ಆಮ್ಲಜನಕಕ್ಕೆ ಹಸಿದು ಕುಳಿತಿರುತ್ತದೆ. ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು, ಸೋಸುವ ಗಾಜು ಕಟ್ಟಿಕೊಂಡಿತು. ಮುಚ್ಚಳ ತೆಗೆದು ಕಡ್ಡಿಯಿಂದ ಕೆದಕಿದೆ. ಒಂದೇ ನಿಮಿಷ ಎಂದುಕೊಂಡೆ.

ರಂಜಕದ ಸುತ್ತ ಏನಿದೆ ಎಂಬುದನ್ನು ಗೆರೆಯ ಜಾಗದಿಂದ ತೋರಿಸುವ ಎನ್‌ಎಂಆರ್ ಪರೀಕ್ಷೆಯಲ್ಲಿ ಟ್ರೈಕ್ಲೋರೈಡ್‌ನ ಗೆರೆ ಅಳತೆಪಟ್ಟಿಯ 219ರಲ್ಲಿ ನಿಲ್ಲುತ್ತದೆ. ಮೂರು ಸಾರಜನಕ ಹೊತ್ತ ಸಾದಾ ಸಂಯುಕ್ತವೊಂದು 122ರ ಬಳಿ ಇರುತ್ತದೆ, ಅದಕ್ಕೇ ಆಮ್ಲಜನಕ ಸೇರಿದರೆ 20ರ ಆಸುಪಾಸಿಗೆ ಇಳಿಯುತ್ತದೆ. ನನ್ನ ಕಾಗದದ ಮೇಲೆ ಒಂದೇ ಒಂದು ಗೆರೆ, ಸೂಜಿಯಂತೆ ನೆಟ್ಟಗೆ, 20ರ ಹತ್ತಿರ. ಎಷ್ಟು ಸ್ವಚ್ಛವಾಗಿತ್ತೆಂದರೆ ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಗ್ವಾನಿಡೀನ್ ಬಲವಾಗಿ ತಳ್ಳಿದ್ದರಿಂದ ಗೆರೆ ಸರಿದಿರಬೇಕು ಎಂದು ಸಮಾಧಾನ ಮಾಡಿಕೊಂಡು, ಸೀಸೆಗೆ ನನಗೆ ಬೇಕಾದ ಹೆಸರನ್ನೇ ಬರೆದು ಅಂಟಿಸಿದೆ.

ಆ ಸೀಸೆಯನ್ನು ನನಗಿಂತ ಕಿರಿಯಳಾದ ಸಂಶೋಧಕಿಗೆ ಕೊಟ್ಟೆ. ಅದರೊಡನೆ ಚಿನ್ನದ ಲವಣ ಬೆರೆಸಿ ಹೊಸ ಸಂಯುಕ್ತ ಮಾಡುವುದು ಅವಳ ಕೆಲಸ. ಆಗಲಿಲ್ಲ. ದ್ರಾವಕ ಬದಲಿಸಿದಳು, ಉಷ್ಣತೆ ಬದಲಿಸಿದಳು, ರಾತ್ರಿಯೆಲ್ಲ ಕೂತಳು. ಚಿನ್ನವನ್ನು ಹಿಡಿಯಬೇಕಾದ ರಂಜಕದ ಜೋಡಿ ಎಲೆಕ್ಟ್ರಾನನ್ನು ಆಮ್ಲಜನಕ ಆಗಲೇ ತೆಗೆದುಕೊಂಡಿತ್ತು. ತನ್ನ ಕೈಯಲ್ಲೇ ದೋಷವಿದೆ ಎಂದು ಅವಳು ಒಮ್ಮೆ ಕಣ್ಣೀರು ಹಾಕಿದಳು. ನಾನು ಚಹಾ ಕೊಡಿಸಿ ಧೈರ್ಯ ಹೇಳಿದೆ, ಗೆರೆಯ ವಿಷಯ ಹೇಳಲಿಲ್ಲ. ಇವತ್ತಿಗೂ ನನ್ನನ್ನು ಸುಡುವುದು ಕೆಟ್ಟ ಆ ಪ್ರಯೋಗವಲ್ಲ, ಆ ಚಹಾ.

ಕೊನೆಗೆ ಸೀಸೆಯ ತಳದಲ್ಲಿ ಹರಳು ಕಟ್ಟಿತು. ಕ್ಷ-ಕಿರಣದ ಚಿತ್ರದಲ್ಲಿ ಮೂರು ಸಾರಜನಕಗಳ ಜೊತೆ ನಾಲ್ಕನೆಯ ಪರಮಾಣು ರಂಜಕದಿಂದ 1.48 ಆಂಗ್‌ಸ್ಟ್ರಾಮ್ ದೂರದಲ್ಲಿ ಕೂತಿತ್ತು. ಆಮ್ಲಜನಕ.

ಅಂದು ಸಂಜೆ ಅವಳೆದುರು ನನ್ನ ನೋಟ್‌ಬುಕ್ ತೆರೆದಿಟ್ಟು, ಎನ್‌ಎಂಆರ್ ಕಾಗದ ಅಂಟಿಸಿದ್ದ ಪುಟ ತೋರಿಸಿದೆ. ಅವಳು ಗೆರೆಯನ್ನು ನೋಡಲಿಲ್ಲ, ಮೂಲೆಯ ತಾರೀಖನ್ನು ನೋಡಿದಳು. ತಿಂಗಳುಗಳನ್ನು ಬೆರಳಿನಲ್ಲಿ ಎಣಿಸಿದಳು. ನಾಲ್ಕನೆಯ ಬೆರಳಿಗೆ ನಿಲ್ಲಿಸಿ, “ಅಣ್ಣಾ, ಇದು ನಿಮಗ ಅವತ್ತೇ ಗೊತ್ತಿತ್ತೇನ್ರಿ?” ಎಂದು ಕೇಳಿದಳು.

“ಹೌದವಾ” ಎಂದೆ.