ಶನಿವಾರದ ರೈಲು, ಭಾನುವಾರದ ಫೋಟೋ

"ಈ ವಾರ ಯಾವ ಕಡೆ?"

ಶುಕ್ರವಾರ ಅಪ್ಪನಿಂದ ಈ ಮೆಸೇಜ್ ಬಂತು ಅಂದ್ರೆ ನನಗೆ ವೀಕೆಂಡ್ ಶುರುವಾದ ಹಾಗೆ. ಅಪ್ಪ ಅರಸೀಕೆರೆ ಜಂಕ್ಷನ್ನಿನ ಟಿಕೆಟ್ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತು ರಿಟೈರ್ ಆದವರು. ಊರೂರಿಗೆ ಟಿಕೆಟ್ ಹರಿದು ಕೊಟ್ಟರೂ ತಾವು ಮಾತ್ರ ಅಷ್ಟಾಗಿ ಎಲ್ಲಿಗೂ ಹೋದವರಲ್ಲ. ನಾನು ಕೆಲಸಕ್ಕೆ ಅಂತ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದಿಳಿದಾಗ ಅಮ್ಮ ಊಟದ ಬಗ್ಗೆ ಕೇಳಿದಳು, ಅಪ್ಪ ಕೇಳಿದ್ದು, "ಅಲ್ಲಿ ಸ್ಟೇಷನ್ನಿಗೆ ಎಷ್ಟು ಪ್ಲಾಟ್‌ಫಾರ್ಮು?"

ಮಾರನೇ ದಿನ ಹೋಗಿ ಎಣಿಸಿದೆ. ಹದಿನಾರು ಹಳಿ. ಎಲ್ಲವೂ ಅಲ್ಲೇ ಕೊನೆ, ಬಂದ ರೈಲು ಬಂದ ದಾರಿಯಲ್ಲೇ ವಾಪಸ್ ಹೊರಡಬೇಕು. ಅದನ್ನು ತಪ್ಪಿಸೋಕೆ ನೆಲದಡಿಯಲ್ಲಿ ಎಂಟು ಹಳಿಗಳ ಹೊಸ ಸ್ಟೇಷನ್ ಕಟ್ತಾ ಇದ್ದಾರೆ. 2010ರಲ್ಲಿ ಕೆಲಸ ಶುರುವಾಯ್ತು, 2019ಕ್ಕೆ ಮುಗಿಯಬೇಕಿತ್ತು, ನಾನು ಬಂದಾಗಲೂ ಅಗೆತ ನಡೀತಾನೇ ಇತ್ತು. ಈಗಲೂ ರೈಲು ಹಿಡಿಯೋಕೆ ಕಾಮಗಾರಿಯ ಸುತ್ತ ಸುತ್ತಿಕೊಂಡು ಐದಾರು ನಿಮಿಷ ನಡೀಬೇಕು. ಇದನ್ನು ಹೇಳಿದಾಗ ಅಪ್ಪನ ದನಿಯಲ್ಲಿ ಒಂದು ಸಮಾಧಾನ. "ನಮ್ಮ ಹಾಗೇ ಅಂತ ಆಯ್ತು ಬಿಡು."

ಇನ್ನೊಂದು ಸಮಾಧಾನವನ್ನೂ ನಾನೇ ಒದಗಿಸಿದೆ. ಜರ್ಮನಿಯ ದೂರದ ರೈಲುಗಳಲ್ಲಿ 2024ರಲ್ಲಿ ಸರಿಯಾದ ಸಮಯಕ್ಕೆ ಬಂದದ್ದು ನೂರಕ್ಕೆ 62.5. ಅದೂ ಆರು ನಿಮಿಷದೊಳಗಿನ ತಡವನ್ನು ತಡ ಅಂತ ಲೆಕ್ಕಕ್ಕೇ ತಗೊಳ್ಳೋದಿಲ್ಲ, ಕ್ಯಾನ್ಸಲ್ ಆದ ರೈಲು ಲೆಕ್ಕಕ್ಕೇ ಬರೋದಿಲ್ಲ. ಅಪ್ಪ ಈ ಸುದ್ದಿಯನ್ನು ತಮ್ಮ ಹಳೇ ಸಹೋದ್ಯೋಗಿಗಳಿಗೆಲ್ಲ ಹಂಚಿದರು.

ಇಲ್ಲಿಗೆ ಬರೋರಿಗೆ ನಾನು ಮೊದಲು ಹೇಳೋದು ಡಾಯ್ಚ್‌ಲಾಂಡ್ ಟಿಕೆಟ್ ಬಗ್ಗೆ. ತಿಂಗಳ ಪಾಸು. 2023ರ ಮೇನಲ್ಲಿ ಶುರುವಾದಾಗ 49 ಯೂರೊ, 2025ರಲ್ಲಿ 58, ಈಗ 63. ದೇಶದ ಯಾವ ಮೂಲೆಗಾದರೂ ಬಸ್ಸು, ಟ್ರಾಮು, ಲೋಕಲ್ ರೈಲು ಎಲ್ಲಕ್ಕೂ ಆಗುತ್ತೆ. ಬಿಳೀ ಬಣ್ಣದ ವೇಗದ ರೈಲಿಗೆ ಮಾತ್ರ ಆಗಲ್ಲ. ಒಳ್ಳೇದೇ ಆಯ್ತು ಅನ್ನಿ. ವೇಗದ ರೈಲಿನಲ್ಲಿ ಹಳ್ಳಿಗಳು ಗೆರೆ ಎಳೆದ ಹಾಗೆ ಹೋಗಿಬಿಡ್ತವೆ. ಲೋಕಲ್ ರೈಲು ಪ್ರತಿ ಊರಿನಲ್ಲೂ ನಿಂತು, ಒಂದಿಬ್ಬರು ಅಜ್ಜಿಯರನ್ನು ಹತ್ತಿಸಿಕೊಂಡು ಹೊರಡುತ್ತೆ. ಬ್ಯಾಗಿನಲ್ಲಿ ಚಿತ್ರಾನ್ನದ ಡಬ್ಬಿ, ನೀರಿನ ಬಾಟಲಿ, ಸ್ಟೇಷನ್ ಟಾಯ್ಲೆಟ್ಟಿಗೆ ಒಂದು ಯೂರೊ ಚಿಲ್ಲರೆ ಇದ್ದರೆ ಸಾಕು. ಡಬ್ಬಿ ಮರೆತರೆ ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಎಲ್ಲಾ ಸ್ಟೇಷನ್ನಿನಲ್ಲೂ ಸಿಗುತ್ತೆ.

ನಿಜ ಹೇಳ್ಬೇಕು ಅಂದ್ರೆ, ಮೊದಮೊದಲು ನಾನು ಊರು ನೋಡೋಕೆ ಅಂತ ಹೊರಟವಳಲ್ಲ. ಭಾನುವಾರದಿಂದ ತಪ್ಪಿಸಿಕೊಳ್ಳೋಕೆ ಹೊರಟಿದ್ದು. ಇಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತೆ. ವ್ಯಾಕ್ಯೂಮ್ ಕ್ಲೀನರ್ ಹಾಕಿದರೂ ಪಕ್ಕದ ಮನೆಯವರಿಗೆ ಕಿರಿಕಿರಿ. ಮೊದಲ ನವೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗೋದು. ಶುಕ್ರವಾರ ಸಂಜೆ ಮೀಟಿಂಗಿನಲ್ಲಿ ಎಲ್ಲರಿಗೂ ಬೈ ಹೇಳಿದ ಬಾಯಿ ಮತ್ತೆ ತೆರೆಯೋದು ಸೋಮವಾರ ಬೆಳಗ್ಗೆ. ಹಾಗಿದ್ದ ಒಂದು ಭಾನುವಾರ, ಮ್ಯಾಗಿ ಬೇಯಿಸಿಕೊಂಡು ಕಿಟಕಿ ಹತ್ತಿರ ನಿಂತಿದ್ದವಳು, ಹೇಗೂ ಪಾಸಿದೆಯಲ್ಲ ಅಂತ ಸಿಕ್ಕ ರೈಲು ಹತ್ತಿದೆ.

ಅದು ಉಲ್ಮ್‌ಗೆ ಹೋಯ್ತು. ಅಲ್ಲಿನ ಚರ್ಚಿನ ಗೋಪುರ 161 ಮೀಟರಿಗೂ ಎತ್ತರ. 2025ರ ಅಕ್ಟೋಬರಿನಲ್ಲಿ ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಅದನ್ನು ಮೀರಿಸೋ ತನಕ ಪ್ರಪಂಚದ ಅತಿ ಎತ್ತರದ ಚರ್ಚು ಅದೇ. ಎಷ್ಟು ಹಿಂದೆ ಸರಿದರೂ ಫೋನಿನಲ್ಲಿ ಪೂರ್ತಿ ಹಿಡಿಸಲಿಲ್ಲ. 1377ರಲ್ಲಿ ಶುರು ಮಾಡಿ 1890ರಲ್ಲಿ ಮುಗಿಸಿದರಂತೆ ಅಂತ ಅಪ್ಪನಿಗೆ ಬರೆದೆ. "ಹಾಗಾದ್ರೆ ನಿನ್ನ ಸ್ಟೇಷನ್ನು ಪರವಾಗಿಲ್ಲ," ಅಂತ ಉತ್ತರ ಬಂತು.

ಅಲ್ಲಿಂದ ಅಭ್ಯಾಸವೇ ಆಯ್ತು. ಶನಿವಾರ ರೈಲು, ಭಾನುವಾರ ಫ್ಯಾಮಿಲಿ ಗ್ರೂಪಿಗೆ ಫೋಟೋ. ಎಸ್ಲಿಂಗೆನ್, ಬ್ಲೌಬೊಯ್ರೆನ್‌ನ ನೀಲಿ ನೀರಿನ ಚಿಲುಮೆ, ಕಾನ್‌ಸ್ಟಾಂಜ್‌ನ ಸರೋವರ. ದೊಡ್ಡಮ್ಮನಿಂದ ಹೃದಯ, ಚಿಕ್ಕಪ್ಪನಿಂದ ಹೆಬ್ಬೆಟ್ಟು, ಕಸಿನ್‌ಗಳಿಂದ "ಲೈಫ್ ಅಂದ್ರೆ ನಿಂದು ಕಣೇ". ಅಪ್ಪ ಮಾತ್ರ ಯಾವ ರೈಲು, ಎಷ್ಟು ಬೋಗಿ, ಎಷ್ಟು ಲೇಟು ಅಂತ ಕೇಳೋರು.

ಟ್ಯೂಬಿಂಗೆನ್‌ಗೆ ಹೋದದ್ದು ಕಳೆದ ಜೂನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ಒಂದು ಗಂಟೆಯ ದಾರಿ. ನೆಕಾರ್ ನದಿ, ಉದ್ದನೆಯ ಗಳ ಊರಿ ನಡೆಸುವ ಚಪ್ಪಟೆ ದೋಣಿ, ದಡದಲ್ಲಿ ಒಂದು ಹಳದಿ ಗೋಪುರ. ಕವಿ ಹೋಲ್ಡರ್ಲಿನ್ ಮನಸ್ಸಿನ ಸ್ಥಿಮಿತ ಕಳಕೊಂಡ ಮೇಲೆ ಒಬ್ಬ ಬಡಗಿಯ ಆಸರೆಯಲ್ಲಿ 36 ವರ್ಷ ಅಲ್ಲೇ ಇದ್ದು 1843ರಲ್ಲಿ ತೀರಿಕೊಂಡ. ಅದೇ ವರ್ಷ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಇದೇ ಟ್ಯೂಬಿಂಗೆನ್‌ನಲ್ಲಿ. ಆಮೇಲೆ ಬಂದದ್ದು ಕಿಟೆಲ್. ಹೌದು, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಅದೇ ಕಿಟೆಲ್. 1853ರಲ್ಲಿ ನಮ್ಮ ಕಡೆ ಬಂದವರು, ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದದ್ದು 1894ರಲ್ಲಿ. ಕೊನೆಗಾಲ ಕಳೆದದ್ದು ಈ ಊರಿನಲ್ಲಿ. 1903ರಲ್ಲಿ, ಅವರ ಕನ್ನಡ ವ್ಯಾಕರಣ ಅಚ್ಚಾದ ವರ್ಷವೇ, ಇಲ್ಲೇ ತೀರಿಕೊಂಡರು.

ಕಲ್ಲು ಹಾಸಿದ ಏರುದಾರಿಯಲ್ಲಿ ನಡೆಯೋವಾಗ ಒಂದು ಯೋಚನೆ ಬಂತು. ಈ ಮನುಷ್ಯ ಇಲ್ಲಿ ಯಾರ ಹತ್ತಿರ ಕನ್ನಡ ಮಾತಾಡ್ತಿದ್ದ? ಎಪ್ಪತ್ತು ಸಾವಿರ ಶಬ್ದ ಗೊತ್ತಿದ್ದೂ ಬೀದಿಯಲ್ಲಿ ಹೇಳ್ಕೊಳ್ಳೋಕೆ ಒಬ್ಬರೂ ಸಿಕ್ಕಿರಲಿಕ್ಕಿಲ್ಲ. ನನ್ನ ಕಷ್ಟ ಅಷ್ಟೇನಲ್ಲ, ಜೇಬಿನಲ್ಲಿ ಫೋನಿದೆ. ಸೇತುವೆ ಮೇಲೆ ನಿಂತು ಹದಿನಾಲ್ಕು ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಕಿಟೆಲ್ ಬಗ್ಗೆ ಉದ್ದಕ್ಕೆ ಬರೆದೆ.

ಅಪ್ಪನಿಂದ ಏನೂ ಬರಲಿಲ್ಲ. "ಮಲಗಿದ್ದಾರೆ" ಅಂತ ಅಮ್ಮ ಬರೆದಳು. ಜೂನ್‌ನಲ್ಲಿ ಊರಿಗೂ ಇಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ಆಗ ಸಂಜೆ ಆರು. ಅಪ್ಪ ಸಂಜೆ ಆರಕ್ಕೆ ಮಲಗಿದ್ದನ್ನು ನಾನು ನೋಡೇ ಇಲ್ಲ. ಆದರೂ ಅನುಮಾನ ಬರಲಿಲ್ಲ. ದೋಣಿ ಹತ್ತೋ ಸರದಿಯಲ್ಲಿ ನಿಂತಿದ್ದೆ.

ಸೋಮವಾರ ಗೊತ್ತಾಯ್ತು. ಅಪ್ಪ ಗುರುವಾರ ಬೆಳಗ್ಗೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಬಲಗೈ ಮಣಿಕಟ್ಟು ಮುರಿದು, ಪ್ಲಾಸ್ಟರ್ ಹಾಕಿಸಿಕೊಂಡು ಬಂದು ನಾಲ್ಕು ದಿನವಾಗಿತ್ತು.

"ಯಾಕಮ್ಮ ಹೇಳ್ಲಿಲ್ಲ?" ಅಂತ ಕೂಗಾಡಿದೆ.

"ಶನಿವಾರ ಹೇಳೋಣ ಅಂತಲೇ ಫೋನ್ ತಗೊಂಡೆ ಕಣೇ. ನೀನು ಹೊಳೆ ಪಕ್ಕ ನಗ್ತಾ ನಿಂತಿದ್ದೆ. ಆ ಮುಖ ನೋಡ್ಕೊಂಡು ಹೇಗೆ ಹೇಳ್ಲಿ? ನೀನಾದ್ರೂ ಆರಾಮಾಗಿರ್ಲಿ ಅಂತ ನಿಮ್ಮಪ್ಪಾನೂ ಅಂದ್ರು."

ಫೋನಿಟ್ಟ ಮೇಲೆ ಗ್ರೂಪನ್ನು ಮೇಲಕ್ಕೆ ತಳ್ಳುತ್ತಾ ಹೋದೆ. ಎಲ್ಲ ಫೋಟೋದಲ್ಲೂ ನಗ್ತಾನೇ ಇದ್ದೀನಿ. ಜ್ವರ ಬಂದು ವಾರಗಟ್ಟಲೆ ಮಲಗಿದ್ದು ಅಲ್ಲಿಲ್ಲ. ಪ್ರಾಜೆಕ್ಟ್ ಕೈಬಿಟ್ಟು ಟೀಮಿನ ಅರ್ಧ ಜನ ಖಾಲಿಯಾದ ತಿಂಗಳು ಇಲ್ಲ. ಮ್ಯಾಗಿ ಇಲ್ಲ. ಮನೆಯವರು ನನ್ನಿಂದ ಮುಚ್ಚಿಟ್ಟರು ಅಂತ ಅತ್ತೆನಲ್ಲ, ಮುಚ್ಚಿಡೋದನ್ನು ಅವರಿಗೆ ಕಲಿಸಿದ್ದೇ ನಾನು. ಇನ್ನೂ ಒಂದು ಕಣ್ಣಿಗೆ ಬಿತ್ತು. ಆ ಶುಕ್ರವಾರ "ಈ ವಾರ ಯಾವ ಕಡೆ?" ಬಂದೇ ಇರಲಿಲ್ಲ. ಮುರಿದ ಕೈಯಲ್ಲಿ ಹೇಗೆ ಟೈಪ್ ಮಾಡಿಯಾರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಆಗಸ್ಟಿಗೆ ಅಂತ ಉಳಿಸಿಟ್ಟಿದ್ದ ರಜೆಯಲ್ಲಿ ಇಟಲಿಗೆ ಹೋಗಬೇಕಿತ್ತು. ಅರಸೀಕೆರೆಗೆ ಹೋದೆ. ಅಪ್ಪನ ಪ್ಲಾಸ್ಟರ್ ಆಗಲೇ ಬಿಚ್ಚಿದ್ದರು, ಕೈ ಸ್ವಲ್ಪ ಸಣ್ಣಗಾಗಿತ್ತು. ಅಡುಗೆಮನೆಯಲ್ಲಿ ಕೂತು ಮೂವರೂ ಒಪ್ಪಂದ ಮಾಡಿಕೊಂಡೆವು. ಬಿದ್ದರೆ ಅವತ್ತೇ ಹೇಳೋದು, ಎರಡೂ ಕಡೆಯವರು.

ವೀಕೆಂಡ್ ರೈಲು ನಿಲ್ಲಿಸಿಲ್ಲ. ಎರಡು ವಾರಕ್ಕೊಮ್ಮೆ ಹೋಗ್ತೀನಿ. ಫೋಟೋದಲ್ಲಿ ಈಗ ಕ್ಯಾನ್ಸಲ್ ಆದ ರೈಲಿನ ಬೋರ್ಡು, ನೆಂದ ಶೂ, ತಂಗಳ ಚಿತ್ರಾನ್ನ ಎಲ್ಲ ಇರುತ್ತೆ. ಹೃದಯಗಳು ಕಮ್ಮಿಯಾಗಿವೆ.

ಹೋದ ಶುಕ್ರವಾರ ಅಪ್ಪನ ಮೆಸೇಜ್ ಬಂತು. ಬೆರಳು ಇನ್ನೂ ಪೂರ್ತಿ ಬಗ್ಗೋದಿಲ್ಲ, ಹಾಗಾಗಿ "ಈ ವರ ಯವ ಕಡ?" ಅಂತ ಇತ್ತು. ಎಲ್ಲಿಗೂ ಇಲ್ಲ ಅಂತ ಬರೆದೆ. ಸ್ಟುಟ್‌ಗಾರ್ಟ್ ಕಡೆ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಬಿಲ್ಡಿಂಗಿನ ಮೆಟ್ಟಿಲು ಗುಡಿಸೋಕೆ ಮನೆಮನೆಗೂ ಸರದಿ, ನಿಮ್ಮ ಸರದಿ ಬಂದಾಗ ಬಾಗಿಲಿಗೆ ಒಂದು ಫಲಕ ನೇತುಹಾಕ್ತಾರೆ. ಈ ವಾರ ನನ್ನದು. ಫಲಕದ ಪಕ್ಕ ಪೊರಕೆ ಹಿಡಿದು ನಿಂತ ಫೋಟೋ ಕಳಿಸಿದೆ.

"ಇಂಜಿನಿಯರಿಂಗ್ ಓದಿಸಿ ಕಳಿಸಿದ್ದು ಇದಕ್ಕಾ?" ಅಂತ ಅಮ್ಮನ ವಾಯ್ಸ್ ಮೆಸೇಜು. ಹಿಂದುಗಡೆ ಅಪ್ಪನ ದನಿ ಕೇಳಿಸ್ತಿತ್ತು.

"ಎಷ್ಟು ಮೆಟ್ಟಿಲಂತೆ ಕೇಳು."

ಎಣಿಸಿ ಹೇಳಿದೆ. ಐವತ್ನಾಲ್ಕು.