ಬಿದ್ದ ಲಾರಿಯನ್ನು ಎತ್ತುವ ವಿದ್ಯೆ

ವಿಕಾರಾಬಾದಿನಿಂದ ಹೊರಟು ಬೀದರ, ಭಾಲ್ಕಿಗಳನ್ನು ಹಾಯ್ದು ಪರಳಿ ವೈಜನಾಥದ ಕಡೆಗೆ ಸಾಗುವ ರೈಲುಹಾದಿಯಲ್ಲಿ, ಕನ್ನಡನಾಡು ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಬರುವ ಊರು ಕಮಲನಗರ. ಬೀದರಿನ ಕೋಟೆಯನ್ನು ಹೊತ್ತು ನಿಂತಿರುವ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ ಹಿಂದೆ ಉಳಿದು, ಕಣ್ಣು ಹಾಯುವಷ್ಟು ದೂರ ಕಪ್ಪು ಎರೆಯ ಹೊಲಗಳು ಹರಡಿಕೊಳ್ಳುತ್ತವೆ. ತೊಗರಿ, ಜೋಳ, ಉದ್ದು, ಹೆಸರು, ಸೋಯಾ, ನೀರಿದ್ದಲ್ಲಿ ಕಬ್ಬು. ಇವೇ ಈ ನೆಲದ ಸಂಪತ್ತು. ಮುಂದಿನ ದೊಡ್ಡ ನಿಲ್ದಾಣ ಉದಗೀರ. ಅದು ಮಹಾರಾಷ್ಟ್ರಕ್ಕೆ ಸೇರಿದ್ದು.

ಈ ಗಡಿ ಹಳೆಯದಲ್ಲ. 1948ರ ಸೆಪ್ಟೆಂಬರಿನವರೆಗೆ ಇದೆಲ್ಲವೂ ನಿಜಾಮರ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಯೇ ಆಗಿತ್ತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಪುನಾರಚನೆಗೊಂಡಾಗ ಉದಗೀರದ ಸೀಮೆ ಆ ಕಡೆಗೆ ಹೋಯಿತು. ಔರಾದ, ಭಾಲ್ಕಿಗಳು ಮೈಸೂರು ರಾಜ್ಯದಲ್ಲಿ ನಿಂತವು. ಔರಾದ ತಾಲ್ಲೂಕಿನ ಊರಾಗಿದ್ದ ಕಮಲನಗರ 2018ರಲ್ಲಿ ತಾನೇ ತಾಲ್ಲೂಕಾಯಿತು. ಇಲ್ಲಿ ಮನೆಯಲ್ಲಿ ಕನ್ನಡ ಆಡುವ ಹುಡುಗನು ಸಂತೆಯಲ್ಲಿ ಮರಾಠಿಯನ್ನೂ, ಗ್ಯಾರೇಜಿನಲ್ಲಿ ದಖನಿ ಉರ್ದುವನ್ನೂ ಯಾರೂ ಕಲಿಸದೆಯೇ ಕಲಿತುಬಿಡುತ್ತಾನೆ.

ಕಲಿಸುವುದಕ್ಕೆ ಹೆಸರಾದ ಊರೂ ಇದೇ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು 1890ರಲ್ಲಿ, ಈ ಕಮಲನಗರದಲ್ಲಿಯೇ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡದ ಪಾಠ ಹೇಳಿಸಿದ ಅವರ ಸಾಹಸವನ್ನು ಈ ಭಾಗದ ಹಿರಿಯರು ಇಂದಿಗೂ ಮಕ್ಕಳಿಗೆ ಹೇಳುತ್ತಾರೆ. 1999ರಲ್ಲಿ ಅವರು ಲಿಂಗೈಕ್ಯರಾದರು. ಅವರು ತೆರೆಸಿದ್ದು ಅಕ್ಷರದ ಶಾಲೆ. ಅದರ ಜೊತೆಗೆ, ಫಲಕವೂ ಇಲ್ಲದ, ಗೋಡೆಯೂ ಇಲ್ಲದ ಇನ್ನೊಂದು ಬಗೆಯ ಶಾಲೆ ಈ ಸೀಮೆಯ ರಸ್ತೆಗಳ ಅಂಚಿನಲ್ಲಿ ನಡೆಯುತ್ತದೆ. ಅದು ಬಿದ್ದ ಲಾರಿಗಳನ್ನು ಎತ್ತುವವರ ಶಾಲೆ. ಅಲ್ಲಿ ಗುರುವೂ ತಂದೆಯೂ ಅನೇಕ ವೇಳೆ ಒಬ್ಬನೇ.

ನಾಂದೇಡ, ಉದಗೀರಗಳ ಕಡೆಯಿಂದ ಬೀದರಿಗೆ ಬರುವ ಲಾರಿಗಳು ಇಲ್ಲಿಯ ರಸ್ತೆಗಳನ್ನು ತುಳಿಯುತ್ತವೆ. ದಕ್ಷಿಣಕ್ಕೆ ಹುಮನಾಬಾದಿನಲ್ಲಿ ಪುಣೆ-ಹೈದರಾಬಾದುಗಳ ನಡುವಣ 65ನೆಯ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಹೊರೆ ಮೀರಿದ ಟ್ರಾಕ್ಟರುಗಳೂ ಈ ಮೆರವಣಿಗೆಗೆ ಸೇರುತ್ತವೆ. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರುಕುಬಿಡುವ ಎರೆನೆಲ, ಮಳೆ ಬಿದ್ದೊಡನೆ ನೀರು ಕುಡಿದು ಉಬ್ಬಿ ಅಂಟಿನಂತಾಗುತ್ತದೆ. ಎದುರಿನ ವಾಹನಕ್ಕೆ ದಾರಿಬಿಡಲು ಡಾಂಬರಿನಿಂದ ಒಂದು ಗೇಣು ಕೆಳಗಿಳಿದ ಗಾಲಿ, ಕಣ್ಣೆದುರಿಗೇ ಅಚ್ಚಿನವರೆಗೆ ಹೂತುಹೋಗುತ್ತದೆ. ಹಿಂದೆ ಬಂಡಿಗಳ ಕಾಲದಲ್ಲಿ ಎರಡನೆಯ ಜೋಡಿ ಎತ್ತು ಕಟ್ಟಿ, ಹತ್ತು ಜನ ಹೆಗಲು ಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಮೂರು ಅಚ್ಚಿನ ಲಾರಿಯು ಸರಕಿನೊಡನೆ 25 ಟನ್ನು ತೂಗಬಹುದೆಂದಿದ್ದ ಮಿತಿಯನ್ನು ಸರ್ಕಾರವು 2018ರಲ್ಲಿ 28.5 ಟನ್ನಿಗೆ ಏರಿಸಿದ ಮೇಲೆ, ಹೆಗಲಿನ ಮಾತೆಲ್ಲಿ ಬಂತು?

ಆದ್ದರಿಂದ ಈ ಕಸುಬಿನ ಮೊದಲ ಪಾಠ ತೋಳಿನದಲ್ಲ, ಲೆಕ್ಕದ್ದು. ಗಾಲಿಯ ಮಟ್ಟದವರೆಗೆ ಕೆಸರಿನಲ್ಲಿ ಹೂತ ವಾಹನವನ್ನು ಕದಲಿಸಲು ಅದರ ತೂಕದಷ್ಟೇ ಎಳೆತ ಬೇಕು. ಗಾಲಿಯ ಮೇಲಣ ಮಡ್‌ಗಾರ್ಡು ಮುಳುಗುವಷ್ಟು ಹೂತಿದ್ದರೆ ಅದರ ಇಮ್ಮಡಿ ಬೇಕು. ಇದು ಪ್ರಪಂಚದ ಎಲ್ಲ ಕಡೆಯ ಕಸುಬುದಾರರೂ ಒಪ್ಪಿದ ಅಂದಾಜು. ತಂದೆಯ ಬಳಿ ಇರುವುದು 10 ಟನ್ನು ಎಳೆಯುವ ವಿಂಚು ಎನ್ನೋಣ. ಹೂತಿರುವುದು 28.5 ಟನ್ನಿನ ಲಾರಿ. ತಂತಿಹಗ್ಗವನ್ನು ಒಂದು ಕಪ್ಪಿಗೆ ಸುತ್ತಿಸಿ ತಂದರೆ ಎಳೆತ ಇಮ್ಮಡಿಯಾಗುತ್ತದೆ, ಎರಡು ಕಪ್ಪಿಗಳಾದರೆ ಮುಮ್ಮಡಿ. ವೇಗ ಮಾತ್ರ ಅಷ್ಟೇ ಪಟ್ಟು ಕುಗ್ಗುತ್ತದೆ. ಮಗನು ಸಂತೋಷದಿಂದ ಮೂವತ್ತು ಎಂದು ಕೂಗಬಹುದು. ಆದರೆ ಪ್ರತಿಯೊಂದು ಕಪ್ಪಿಯೂ ಘರ್ಷಣೆಯ ಸುಂಕವಾಗಿ ಹತ್ತರಲ್ಲಿ ಒಂದು ಪಾಲನ್ನು ಕಿತ್ತುಕೊಳ್ಳುತ್ತದೆ. ಮೊದಲ ಎಳೆಯಲ್ಲಿ 10, ಎರಡನೆಯದರಲ್ಲಿ 9, ಮೂರನೆಯದರಲ್ಲಿ 8.1, ಒಟ್ಟು 27.1. ಕಾಗದದ ಮೇಲೆ ಎದ್ದುಬಂದ ಲಾರಿ ಕೆಸರಿನಲ್ಲಿ ಹಾಗೆಯೇ ಉಳಿಯಿತು!

ಈ ಒಂದೂವರೆ ಟನ್ನಿನ ಕೊರತೆಯನ್ನು ಮೂರ್ಖನು ಎಂಜಿನ್ನನ್ನು ಕಿರುಚಿಸಿ ತುಂಬಲು ಹೋಗುತ್ತಾನೆ. ಬಲ್ಲವನು ಹಾರೆ, ಸಲಿಕೆ ತರಿಸಿ ಗಾಲಿಗಳ ಮುಂದಿನ ಮಣ್ಣನ್ನು ಇಳಿಜಾರಾಗಿ ತೋಡಿಸುತ್ತಾನೆ. ಇಲ್ಲವೇ ಮೂಟೆಗಳನ್ನು ಇಳಿಸುತ್ತಾನೆ. 18 ಟನ್ನು ತೊಗರಿಯನ್ನು ಇಳಿಸಿದರೆ ಉಳಿಯುವುದು 10.5 ಟನ್ನು, ಆಗ ಒಂದೇ ಕಪ್ಪಿ ಸಾಕು. ಎಳೆಯುವುದಕ್ಕಿಂತ ಮುಂಚೆ ಹಗುರಗೊಳಿಸು ಎಂಬುದು ಈ ವಿದ್ಯೆಯ ಮೊದಲ ಸೂತ್ರ.

ಎರಡನೆಯ ಪಾಠ ಭಯದ್ದು. ಬಿಗಿದ ತಂತಿಹಗ್ಗವು ಹರಿದರೆ ಕೊಡಲಿಯಂತೆ ಬೀಸುತ್ತದೆ. ಅದರ ಎದುರಿಗೂ, ಕಪ್ಪಿಯ ಬಳಿ ಅದು ಬಾಗುವ ಮೂಲೆಯ ಒಳಗೂ ಯಾರೂ ನಿಲ್ಲಬಾರದು. ಹಗ್ಗದ ನಡುವೆ ನೆನೆಸಿದ ಗೋಣಿಚೀಲಗಳನ್ನು ಹೊದಿಸಿದರೆ, ಹರಿದರೂ ಅದರ ಬೀಸು ತಗ್ಗುತ್ತದೆ. "ತಮ್ಮಾ, ಹಗ್ಗದ ಮುಂದ ನಿಂದರಬ್ಯಾಡ" ಎಂಬ ಮಾತನ್ನು ಈ ಮನೆಗಳ ಮಕ್ಕಳು ಮಗ್ಗಿಗಿಂತ ಹೆಚ್ಚು ಸಲ ಕೇಳಿರಬೇಕು. ತಂತಿಯ ಎಳೆಗಳು ಮುರಿದು ಮುಳ್ಳಿನಂತೆ ಎದ್ದಿವೆಯೇ, ಸರಪಳಿಯ ಕೊಂಡಿ ಹಿಗ್ಗಿದೆಯೇ, ಕೊಕ್ಕೆ ಬಾಯಿ ತೆರೆದಿದೆಯೇ ಎಂದು ಹಗಲಿನಲ್ಲಿ ಪರೀಕ್ಷಿಸದವನು ರಾತ್ರಿಯಲ್ಲಿ ದೇವರನ್ನು ನೆನೆಯಬೇಕಾಗುತ್ತದೆ.

ಹಗ್ಗಕ್ಕಿಂತ ದೊಡ್ಡ ಅಪಾಯವೆಂದರೆ ರಸ್ತೆಯೇ. ಕೆಲಸದ ಮೇಲೆ ಕಣ್ಣಿಟ್ಟು ಬಗ್ಗಿದವನ ಬೆನ್ನಿಗೆ ಹಾದುಹೋಗುವ ವಾಹನ ಬಂದು ಬಡಿಯುತ್ತದೆ. ಆದ್ದರಿಂದ ಕೆಂಪು ತ್ರಿಕೋನಗಳನ್ನೂ ದೀಪಗಳನ್ನೂ ಸಾಕಷ್ಟು ಹಿಂದೆಯೇ ಇಟ್ಟು, ಆಮೇಲೆ ಸರಪಳಿಗೆ ಕೈ ಹಾಕಬೇಕು. ನಮ್ಮ ರಸ್ತೆಗಳಲ್ಲಿ ಕೆಟ್ಟುನಿಂತ ಲಾರಿಯ ಸುತ್ತ ಕಲ್ಲುಗಳನ್ನೂ ಗಿಡದ ಕೊಂಬೆಗಳನ್ನೂ ಇಡುವ ರೂಢಿಯಿದೆ. ಲಾರಿ ಹೋದ ಮೇಲೆ ಕಲ್ಲುಗಳು ಅಲ್ಲಿಯೇ ಉಳಿದು, ಕತ್ತಲೆಯಲ್ಲಿ ಬರುವ ಸೈಕಲ್ಲು, ಮೋಟಾರು ಸೈಕಲ್ಲುಗಳನ್ನು ಕೆಡವುತ್ತವೆ. ಕೊನೆಯ ಕಲ್ಲನ್ನು ಪಕ್ಕಕ್ಕೆ ಸರಿಸಿದ ಮೇಲೆಯೇ ಕೆಲಸ ಮುಗಿಯಿತು ಎಂದು ಕಲಿಸುವ ತಂದೆಯು, ಮುಖ ನೋಡದ ಯಾವನೋ ಪ್ರಯಾಣಿಕನ ಪ್ರಾಣವನ್ನು ಉಳಿಸುತ್ತಾನೆ.

ಎತ್ತಿ ನಿಲ್ಲಿಸಿದ ಲಾರಿಯನ್ನು ಎಳೆದೊಯ್ಯುವುದರಲ್ಲಿಯೂ ಗುಟ್ಟುಗಳಿವೆ. ಗಾಳಿಯ ಒತ್ತಡದಿಂದ ನಡೆಯುವ ಬ್ರೇಕುಗಳಿರುವ ಲಾರಿಗಳಲ್ಲಿ ಗಾಳಿ ಸೋರಿಹೋದರೆ, ಸ್ಪ್ರಿಂಗುಗಳು ಹಿಂದಿನ ಗಾಲಿಗಳನ್ನು ಬಿಗಿಹಿಡಿಯುತ್ತವೆ. ಹೊರಗಿನಿಂದ ಗಾಳಿ ಕೊಟ್ಟೋ, ಬೋಲ್ಟು ತಿರುಗಿಸಿಯೋ ಅವನ್ನು ಬಿಡಿಸದೆ ಎಳೆದರೆ ಟೈರುಗಳು ಸವೆದು ಹೊಗೆಯಾಡುತ್ತವೆ. ಇನ್ನು ಪ್ರೊಪೆಲ್ಲರ್ ಶಾಫ್ಟನ್ನು ಕಳಚದೆ ಬಹುದೂರ ಎಳೆದರಂತೂ ಗೇರುಪೆಟ್ಟಿಗೆಗೇ ಕೇಡು. ಎಂಜಿನ್ನು ನಿಂತಿರುವಾಗ ಪೆಟ್ಟಿಗೆಯೊಳಗೆ ಎಣ್ಣೆಯನ್ನು ಚಿಮ್ಮಿಸುವ ಹಲ್ಲುಚಕ್ರಗಳು ತಿರುಗುವುದಿಲ್ಲ. ಗಾಲಿಗಳ ಕಡೆಯ ಶಾಫ್ಟು ಮಾತ್ರ ಒಣಗಿದ್ದಲ್ಲಿಯೇ ತಿರುಗಿ ಬೇಯುತ್ತದೆ. ನಾಲ್ಕು ಬೋಲ್ಟು ಬಿಚ್ಚುವ ಸೋಮಾರಿತನಕ್ಕೆ ಮಾಲೀಕನು ಲಕ್ಷಗಟ್ಟಲೆ ತೆರಬೇಕಾಗುತ್ತದೆ.

ಟ್ಯಾಂಕರು ಉರುಳಿದಾಗಿನ ನಿಯಮವೇ ಬೇರೆ. ಅಪಾಯಕರ ವಸ್ತುಗಳನ್ನು ಒಯ್ಯುವ ವಾಹನದ ಮೇಲೆ ಅದರೊಳಗೆ ಏನಿದೆ, ತುರ್ತಿನಲ್ಲಿ ಯಾರಿಗೆ ಫೋನು ಮಾಡಬೇಕು ಎಂಬ ವಿವರಗಳ ಫಲಕವಿರಬೇಕೆಂದು ಕಾನೂನಿದೆ. ಅಕ್ಷರ ಬಲ್ಲ ಮಗನು ತಂದೆಗೆ ಆಗ ದೊಡ್ಡ ಬಲ. ಫಲಕವನ್ನು ದೂರದಿಂದಲೇ ಓದಿ, 112ಕ್ಕೆ ತಿಳಿಸಿ, ಕೊಡ ಹಿಡಿದು ಸೋರುವ ಎಣ್ಣೆ ತುಂಬಲು ಓಡಿಬರುವ ಜನರನ್ನು ತಡೆಯುವುದು ಸರಪಳಿ ಕಟ್ಟುವುದಕ್ಕಿಂತ ಮುಖ್ಯ. ಮೊದಲು ಮನುಷ್ಯ, ಆಮೇಲೆ ಸರಕು, ಕಡೆಗೆ ವಾಹನ. ಗಾಯಗೊಂಡವನನ್ನು ಆಸ್ಪತ್ರೆಗೆ ಸಾಗಿಸಿದರೆ ಪೊಲೀಸು, ಕಚೇರಿಗಳ ತೊಡಕು ಸುತ್ತಿಕೊಳ್ಳುವುದೆಂದು ಹಿಂದೆ ಹೆದರುವವರು ಬಹಳ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿಯು ಅಂಥ ಪರೋಪಕಾರಿಗೆ ರಕ್ಷಣೆಯನ್ನು ಕೊಟ್ಟಿದೆ.

ಈ ಕಸುಬಿಗೆ ಪ್ರಪಂಚದಲ್ಲಿ ನೂರು ವರ್ಷಗಳಿಗೆ ಸ್ವಲ್ಪ ಹೆಚ್ಚಿನ ಇತಿಹಾಸವಿದೆ. ಅಮೆರಿಕೆಯ ಟೆನೆಸೀ ಪ್ರಾಂತದ ಚಟನೂಗ ನಗರದಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜಿನವನು, ಹಳ್ಳಕ್ಕೆ ಉರುಳಿದ ಒಂದು ಕಾರನ್ನು ಆಳುಗಳಿಂದ ಹಗ್ಗ ಎಳೆಯಿಸಿ ಮೇಲೆತ್ತಲು ಪಟ್ಟ ಪಾಡನ್ನು ಮರೆಯದೆ, 1916ರಲ್ಲಿ ಮೂರು ಕಂಬ, ಒಂದು ಕಪ್ಪಿ, ಒಂದು ಸರಪಳಿಯನ್ನು 1913ರ ಕ್ಯಾಡಿಲಾಕ್ ಕಾರಿನ ಮೇಲೆ ಜೋಡಿಸಿದನು. ಅದೇ ಇಂದಿನ ರಿಕವರಿ ವಾಹನಗಳ ಮೂಲಪುರುಷ. ಆ ನಗರದಲ್ಲಿ 1995ರಿಂದ ಈ ಕಸುಬಿನದೇ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿ ಕೆಲಸದಲ್ಲಿರುವಾಗ ಪ್ರಾಣ ಕಳೆದುಕೊಂಡವರ ಹೆಸರುಗಳನ್ನು ಹೊತ್ತ ಸ್ಮಾರಕದ ಗೋಡೆಯೂ ಇದೆ. ನಮ್ಮಲ್ಲಿ ಅಂಥ ಗೋಡೆಯಿಲ್ಲ. ಅಪಾಯ ಮಾತ್ರ ಅಷ್ಟೇ ಇದೆ.

ಹೀಗಿರಲು, ಹೆತ್ತ ಮಗನಿಗೆ ಇದನ್ನು ಕಲಿಸಬೇಕೇ ಎಂಬ ಪ್ರಶ್ನೆ ಏಳದಿರದು. ನಡುರಾತ್ರಿ ಫೋನು ಬಂದಾಗ ಗಂಡನನ್ನು ಎಬ್ಬಿಸುವ ತಾಯಿಯು ಹಾಸಿಗೆಯಲ್ಲಿರುವ ಮಗನ ಕಡೆಗೂ ಒಮ್ಮೆ ನೋಡುತ್ತಾಳೆ. ಕಾನೂನು ಆಕೆಯ ಪರವಾಗಿದೆ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ, 14 ವರ್ಷದೊಳಗಿನವರು ಶಾಲೆಯ ವೇಳೆಯ ಹೊರಗೆ ಮನೆತನದ ಕಸುಬಿಗೆ ನೆರವಾಗಬಹುದಾದರೂ ಆ ವಿನಾಯಿತಿ ಅಪಾಯದ ಕೆಲಸಗಳಿಗಿಲ್ಲ; 14ರಿಂದ 18ರವರೆಗಿನವರನ್ನೂ ಅಪಾಯದ ಉದ್ಯೋಗಗಳಲ್ಲಿ ತೊಡಗಿಸುವಂತಿಲ್ಲ. ಸಾರಿಗೆ ವಾಹನ ನಡೆಸಲು 20 ತುಂಬಿರಬೇಕು. ಎಂದರೆ ಬಾಲಕನಿಗೆ ತಂದೆಯು ಕೊಡಬಹುದಾದದ್ದು ಅಂಗಳದ ವಿದ್ಯೆ ಮಾತ್ರ: ಸಲಕರಣೆಗಳ ಹೆಸರು, ಕಪ್ಪಿಯ ಲೆಕ್ಕ, ಗಂಟಿನ ಬಗೆ. ಐ.ಟಿ.ಐ.ಯಲ್ಲಿ ಡೀಸೆಲ್ ಮೆಕ್ಯಾನಿಕ್ ಪಾಠ ಮುಗಿಸಿ ಬಂದರೆ ಇನ್ನೂ ಮೇಲು. ರಸ್ತೆಯು ಎಲ್ಲಿಗೂ ಓಡಿಹೋಗುವುದಿಲ್ಲ. ಅವನಿಗೆ ವಯಸ್ಸಾಗುವವರೆಗೆ ಕಾಯುತ್ತದೆ.

ಅಂಗಳದಲ್ಲಿ ಕಲಿಸಲಾಗದ ಇನ್ನೊಂದು ಪಾಠವಿದೆ. ರಾತ್ರಿ ಎರಡು ಗಂಟೆಗೆ, ಪಂಜಾಬಿನಿಂದಲೋ ತಮಿಳುನಾಡಿನಿಂದಲೋ ಬಂದ ಚಾಲಕನೊಬ್ಬನು ಉರುಳಿದ ಲಾರಿಯ ಪಕ್ಕದಲ್ಲಿ ನಡುಗುತ್ತ ನಿಂತಿರುತ್ತಾನೆ. ಊರಿನ ಹೆಸರು ತಿಳಿಯದು, ಭಾಷೆ ತಿಳಿಯದು, ಮಾಲೀಕನು ಫೋನಿನಲ್ಲಿ ಗದರಿಸುತ್ತಿದ್ದಾನೆ. ಆ ಗಳಿಗೆಯಲ್ಲಿ ಕಸುಬುದಾರನು ಏನು ಕೇಳಿದರೂ ಅವನು ಕೊಡಲೇಬೇಕು. ತಂದೆಯ ಬಾಯಿಂದ ಹೊರಡುವ ಮೊತ್ತವನ್ನು ಪಕ್ಕದಲ್ಲಿ ನಿಂತ ಮಗನು ಕೇಳಿಸಿಕೊಳ್ಳುತ್ತಾನೆ. ಕ್ರೇನಿಗೆ ಇಷ್ಟು, ಆಳಿಗೆ ಇಷ್ಟು, ರಾತ್ರಿಯ ಕೆಲಸಕ್ಕೆ ಇಷ್ಟು ಎಂದು ಹಗಲಿನಲ್ಲಿ ಹೇಳುವ ಲೆಕ್ಕವನ್ನೇ ಕತ್ತಲೆಯಲ್ಲಿಯೂ ಹೇಳುವ ತಂದೆಯಿಂದ ಮಗನು ಕಲಿಯುವುದು ಒಂದು. ಹೆದರಿದವನ ಜೇಬನ್ನು ಅಳೆದು ಹೇಳುವ ತಂದೆಯಿಂದ ಕಲಿಯುವುದು ಇನ್ನೊಂದು. ಮೊದಲನೆಯದು ಕಸುಬು, ಎರಡನೆಯದು ಸುಲಿಗೆ. ಬಸವಣ್ಣನವರ ಕಲ್ಯಾಣ ಇರುವುದು ಇದೇ ಜಿಲ್ಲೆಯಲ್ಲಿ. ಕಾಯಕದ ಅರ್ಥವನ್ನು ಈ ನೆಲದ ಮಕ್ಕಳಿಗೆ ಬೇರೆ ವಿವರಿಸಬೇಕಾಗಿಲ್ಲ.

ಈ ವಿದ್ಯೆಯ ಎಲ್ಲಕ್ಕಿಂತ ಸೂಕ್ಷ್ಮವಾದ ಭಾಗವು ಮಗ್ಗುಲಾಗಿ ಬಿದ್ದ ಲಾರಿಯನ್ನು ಎಬ್ಬಿಸುವುದರಲ್ಲಿದೆ. ಹೊಸಬನ ಲಕ್ಷ್ಯವೆಲ್ಲ ಎಳೆಯುವ ಹಗ್ಗದ ಮೇಲೆಯೇ. ಆದರೆ ಲಾರಿಯು ಮೇಲೇಳುತ್ತ ಒಂದು ಹಂತವನ್ನು ದಾಟಿತೆಂದರೆ ಅದರ ಭಾರವೇ ಅದನ್ನು ಆಚೆಗೆ ತಳ್ಳುತ್ತದೆ. ಆಗ ಎಳೆಯುವ ಹಗ್ಗ ಸಡಿಲವಾಗುತ್ತದೆ. ಇನ್ನು ಅದರಿಂದ ಪ್ರಯೋಜನವಿಲ್ಲ. ಎದುರು ದಿಕ್ಕಿನಲ್ಲಿ ಮೊದಲೇ ಕಟ್ಟಿಟ್ಟ ಇನ್ನೊಂದು ಹಗ್ಗವಿದ್ದು, ಅದನ್ನು ಅಂಗುಲ ಅಂಗುಲವಾಗಿ ಬಿಡುವವನಿದ್ದರೆ ಮಾತ್ರ ಲಾರಿಯು ಮೆಲ್ಲಗೆ ಗಾಲಿಗಳ ಮೇಲೆ ಕುಳಿತುಕೊಳ್ಳುತ್ತದೆ. ಇಲ್ಲವಾದರೆ ಧೊಪ್ಪನೆ ಬಿದ್ದು ಅಚ್ಚು ಮುರಿಯುತ್ತದೆ, ಅಥವಾ ಆಚೆಯ ಮಗ್ಗುಲಿಗೇ ಉರುಳುತ್ತದೆ. ಎಳೆಯುವ ಹಗ್ಗವನ್ನು ಮಗನ ಕೈಗೆ ಬೇಗನೆ ಒಪ್ಪಿಸುವ ತಂದೆಯು ಈ ತಡೆಹಗ್ಗವನ್ನು ಮಾತ್ರ ಬಹುಕಾಲ ತನ್ನ ಬಳಿಯಲ್ಲಿಯೇ ಇಟ್ಟುಕೊಳ್ಳುವುದು ಸಹಜ. ಅದನ್ನು ಬಿಡುವ ಹದ ಕೈಗೆ ಬರಲು ವರ್ಷಗಳು ಬೇಕು. ಅದನ್ನು ಎಂದು ಕೊಡಬೇಕೆಂಬುದನ್ನು ಯಾವ ಲೆಕ್ಕವೂ ಹೇಳುವುದಿಲ್ಲ. ಮಗನ ಮುಖವನ್ನು ನೋಡಿಯೇ ತಂದೆ ನಿರ್ಧರಿಸಬೇಕು.