ಏಳು ಸೀಟಿನ ಗಾಡಿಯಲ್ಲಿ ಹಾವೇರಿ ಸೀಮೆ

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ - ಮಕ್ಕಳೊಂದಿಗೆ ಒಂದೇ ದಿನದಲ್ಲಿ ಸುತ್ತಿ ಬರಬಹುದಾದ ಊರುಗಳಿವು. ಇಡೀ ಸಂಸಾರ ಹೊರಟರೆ ಏಳು ಸೀಟಿನ ಬಾಡಿಗೆ ಗಾಡಿ ಅನುಕೂಲ.

ಆದರೆ ಲೆಕ್ಕ ತಪ್ಪಬಾರದು. ಏಳು ಸೀಟೆಂದರೆ ಚಾಲಕನೂ ಸೇರಿ ಏಳು. ಪ್ರಯಾಣಿಕರು ಆರೇ ಮಂದಿ. ಹಿಂದಿನ ಸೀಟು ತುಂಬಿದರೆ ಸಾಮಾನಿಗೆ ಜಾಗ ಉಳಿಯದು. ಭಾರದ ಗಂಟುಗಳನ್ನು ಗಾಡಿಯ ಮೇಲೆ ಕಟ್ಟಿದರೆ ಗುರುತ್ವಕೇಂದ್ರ ಮೇಲಕ್ಕೆ ಸರಿದು, ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. ಅಗ್ಗವೆಂದು ಬಿಳಿ ಫಲಕದ ಖಾಸಗಿ ಗಾಡಿ ಹಿಡಿಯುವುದೂ ಸಲ್ಲದು. ಅದಕ್ಕೆ ಬಾಡಿಗೆಯ ಪರವಾನಗಿ ಇಲ್ಲ. ಅಪಘಾತವಾದರೆ ವಿಮಾ ಪರಿಹಾರಕ್ಕೆ ತಕರಾರು ಬರಬಹುದು. ಹಳದಿ ಫಲಕದ ಗಾಡಿಯನ್ನೇ ಕೇಳಬೇಕು. ಕಿಲೋಮೀಟರಿನ ದರ, ಚಾಲಕನ ಭತ್ಯೆ, ದಿನದ ಕನಿಷ್ಠ ಬಾಡಿಗೆ ಇವನ್ನು ಮೊದಲೇ ಮಾತಾಡಿಕೊಳ್ಳುವುದು ಜಾಣತನ.

ಬೆಳಗಿನ ತಂಪಿನಲ್ಲೇ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ತಲುಪಿದರೆ ಒಳ್ಳೆಯದು. 1974ರಲ್ಲಿ ಘೋಷಿತವಾದ ಇದರ ವಿಸ್ತಾರ ಸುಮಾರು 119 ಚದರ ಕಿ.ಮೀ. ಬಿಸಿಲೇರಿದರೆ ಮೃಗಗಳು ನೆರಳು ಸೇರುತ್ತವೆ. ಮುಂದೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಕೆಂಪು ಬರುವುದು ಮುಖ್ಯವಾಗಿ ಕ್ಯಾಪ್ಸಾಂಥಿನ್‌ನಿಂದ, ಖಾರ ಕ್ಯಾಪ್ಸೈಸಿನ್‌ನಿಂದ. ಎರಡೂ ಬೇರೆ ಬೇರೆ ವಸ್ತುಗಳೆಂಬ ಪಾಠ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಅದೇ ತಾಲ್ಲೂಕಿನ ಕಾಗಿನೆಲೆಯಲ್ಲಿ ಕನಕದಾಸರನ್ನು ನೆನೆದು, ಸಂಜೆ ಹಾವೇರಿ ಸೇರಬೇಕು. ಚಾಲುಕ್ಯ ಶೈಲಿಯ ಸಿದ್ಧೇಶ್ವರ ದೇಗುಲ ಪಶ್ಚಿಮಕ್ಕೆ ಮುಖ ಮಾಡಿದೆ. ಇಳಿಬಿಸಿಲು ನೇರ ಮುಂಭಾಗಕ್ಕೆ ಬೀಳುವ ಆ ಹೊತ್ತಿನಲ್ಲೇ ಅದನ್ನು ನೋಡುವುದು ಚೆಂದ.